ಮೂರು ವರ್ಷ ಬಳಸಿದ ಮೇಲೆ: ನನ್ನ ಪಿಕಪ್ ಟ್ರಕ್ಕಿನ ಓಬಿಡಿ ಸ್ಕ್ಯಾನರ್

ಕೈಯಲ್ಲಿ ಹಿಡಿದು ನೋಡುವ, ಕೇಬಲ್ ಇರುವ, ಸಣ್ಣ ಕಲರ್ ಸ್ಕ್ರೀನಿನ ಸಾಮಾನ್ಯ ಓಬಿಡಿ-2 ಸ್ಕ್ಯಾನರ್ ಇದು, ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್‌ಗಳನ್ನು ಓದುವ ಉಪಕರಣ. ತಗೊಂಡು ಮೂರು ವರ್ಷ ಆಯಿತು. ನನ್ನದು ಪೆಟ್ರೋಲ್ ವಿ6 ಪಿಕಪ್. ತಗೊಳ್ಳೋಕೆ ಕಾರಣ ಚೆಕ್ ಎಂಜಿನ್ ಲೈಟ್, ಎಂಜಿನ್ನಿನಲ್ಲಿ ತೊಂದರೆ ಕಂಡಾಗ ಡ್ಯಾಶ್‌ಬೋರ್ಡ್‌ನಲ್ಲಿ ಹತ್ತುವ ದೀಪ. ಅದಕ್ಕೂ ಮುಂಚೆ ಒಂದು ಗ್ಯಾರೇಜಿನಲ್ಲಿ ಕೋಡ್ ಓದಿ, ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವುದು) ಬದಲಾಯಿಸಿ ಕಳಿಸಿದ್ದರು. ಎರಡೇ ವಾರಕ್ಕೆ ಅದೇ ಲೈಟ್ ಮತ್ತೆ ಹತ್ತಿಕೊಂಡಿತು. ದುಡ್ಡು ಹೋಯಿತು, ತೊಂದರೆ ಅಲ್ಲೇ ಉಳಿಯಿತು. ಆಗ ತುಂಬಾ ಬೇಜಾರಾಗಿತ್ತು.

ಸ್ಕ್ಯಾನರ್ ಬಂದ ದಿನವೇ ಹಾಕಿ ನೋಡಿದೆ. ಪಿ0171, ಪಿ0174. ಅಂದರೆ ಎಂಜಿನ್ನಿನ ಎರಡೂ ಬದಿಯಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹೀಗಂತ ಹೇಳುತ್ತಿದ್ದದ್ದು ಆಕ್ಸಿಜನ್ ಸೆನ್ಸರೇ, ಮತ್ತೆ ಅದು ನಿಜವನ್ನೇ ಹೇಳುತ್ತಿತ್ತು! ಸುದ್ದಿ ತಂದವನನ್ನೇ ಕಿತ್ತು ಬಿಸಾಕಿದ ಹಾಗಾಯಿತು. ಎರಡೂ ಬದಿಯ ಸೆನ್ಸರ್ ಒಂದೇ ದಿನ ಕೆಡೋದು ಅಪರೂಪ ಅಲ್ವಾ? ಹಾಗಾದರೆ ತೊಂದರೆ ಎರಡಕ್ಕೂ ಸೇರಿದ ಜಾಗದಲ್ಲೇ ಇರಬೇಕು: ಗಾಳಿ ಅಳೆಯುವ ಮಾಫ್ ಸೆನ್ಸರ್, ಎಲ್ಲೋ ಗಾಳಿ ಸೋರುವ ಪೈಪ್, ಇಲ್ಲವೇ ಪೆಟ್ರೋಲ್ ಪ್ರೆಷರ್.

ಇಲ್ಲಿ ಕೆಲಸಕ್ಕೆ ಬಂದದ್ದು ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಕೊಡುತ್ತಿರುವ ರೀಡಿಂಗ್. ಅದರಲ್ಲಿ ಫ್ಯೂಯಲ್ ಟ್ರಿಮ್ ಅಂತ ಒಂದು ಸಾಲು ಇದೆ, ಎಂಜಿನ್ ಕಂಪ್ಯೂಟರ್ ತಾನಾಗಿಯೇ ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಅನ್ನೋ ಲೆಕ್ಕ. ಪ್ಲಸ್ ಅಥವಾ ಮೈನಸ್ ಶೇಕಡಾ 10ರ ಒಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ನನ್ನ ಗಾಡಿಯಲ್ಲಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪ್ಲಸ್ 6 ಇತ್ತು, 2,500 ಆರ್‌ಪಿಎಂಗೆ ಏರಿಸಿದರೆ ಪ್ಲಸ್ 19. ಗಾಳಿ ಸೋರಿಕೆ ಆಗಿದ್ದರೆ ಇದು ಉಲ್ಟಾ ಇರುತ್ತದೆ, ಐಡಲ್‌ನಲ್ಲಿ ಜಾಸ್ತಿ, ಆರ್‌ಪಿಎಂ ಏರಿದಂತೆ ಕಮ್ಮಿ. ಹಾಗಾಗಿ ಮೊದಲು ಮಾಫ್ ಬಿಚ್ಚಿದೆ. ಕೂದಲಿನಷ್ಟು ಸಣ್ಣ ತಂತಿಗೆ ಬೂದು ಬಣ್ಣದ ಧೂಳು ಎಣ್ಣೆಯಂಟಿನ ಜೊತೆ ಮೆತ್ತಿಕೊಂಡಿತ್ತು. ಎಣ್ಣೆ ಹಾಕುವ ಏರ್ ಫಿಲ್ಟರ್ ಬಳಸುತ್ತಿದ್ದೆ, ಎಣ್ಣೆ ಬಂದದ್ದು ಅಲ್ಲಿಂದಲೇ. ಮಾಫ್‌ಗೆ ಅಂತಲೇ ಬರುವ ಸ್ಪ್ರೇ ಹೊಡೆದು, ತಂತಿ ಮುಟ್ಟದೆ, ಪೂರ್ತಿ ಒಣಗಿಸಿ ಹಾಕಿದೆ. ಕೋಡ್ ಅಳಿಸಿ ಕೆಲವು ದಿನ ಓಡಿಸಿದ ಮೇಲೆ ನೋಡಿದರೆ ಟ್ರಿಮ್ 4ರ ಒಳಗೆ. ಆ ಕೋಡ್ ಇವತ್ತಿಗೂ ಮತ್ತೆ ಬಂದಿಲ್ಲ.

ಎರಡನೇ ಸಲ ಲೈಟ್ ಬಂದದ್ದು ಹೋದ ವರ್ಷ. ಕೀ ತಿರುಗಿಸಿದ ಕೂಡಲೇ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗೋದು, ತಣ್ಣಗಿರುವ ಎಂಜಿನ್‌ಗೆ ಯಾಕಪ್ಪಾ ಇದು ಅನ್ನಿಸಿತು. ಕೋಡ್ ಪಿ0118, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್. ಲೈವ್ ಡೇಟಾದಲ್ಲಿ ಒಳಗೆ ಬರುವ ಗಾಳಿ 23 ಡಿಗ್ರಿ, ಕೂಲೆಂಟ್ ಮೈನಸ್ 40! ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಇವೆರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಮೈನಸ್ 40 ಅಂದರೆ ಸರ್ಕ್ಯೂಟ್ ಎಲ್ಲೋ ಕಡಿದಿದೆ, ಕಂಪ್ಯೂಟರಿಗೆ ಸೆನ್ಸರೇ ಕಾಣುತ್ತಿಲ್ಲ ಅಂತ ಅರ್ಥ.

ಹೊಸ ಸೆನ್ಸರ್ ತರೋಕೆ ಮುಂಚೆ ಒಂದು ಪರೀಕ್ಷೆ ಮಾಡಿದೆ. ಕನೆಕ್ಟರ್ ಬಿಚ್ಚಿ, ವೈರ್ ಕಡೆಯ ಎರಡು ಪಿನ್‌ಗಳನ್ನು ಸಣ್ಣ ತಂತಿಯಿಂದ ಸೇರಿಸಿದೆ. ವೈರ್ ಸರಿಯಿದ್ದರೆ ರೀಡಿಂಗ್ ಒಮ್ಮೆಲೇ ತುದಿ ಮುಟ್ಟುವಷ್ಟು ಬಿಸಿ ತೋರಿಸಬೇಕು. ಮೈನಸ್ 40 ಅಲ್ಲಾಡಲೇ ಇಲ್ಲ, ಅಂದರೆ ತೊಂದರೆ ಸೆನ್ಸರಿನಲ್ಲಲ್ಲ, ವೈರಿನ ಕಡೆ. (ಇದನ್ನು ಎರಡು ಪಿನ್ನಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ ಮಾಡಿ. ಮೂರು ಪಿನ್ನಿನವುಗಳಲ್ಲಿ 5 ವೋಲ್ಟ್ ಸಪ್ಲೈ ಇರುತ್ತದೆ, ಶಾರ್ಟ್ ಆದರೆ ಕಷ್ಟ.) ಮತ್ತೆ ಕನೆಕ್ಟರ್ ಹಾಕಿ, ಮಗಳನ್ನು ಸ್ಕ್ಯಾನರ್ ಜೊತೆ ಒಳಗೆ ಕೂರಿಸಿ, ನಾನು ಬಾನೆಟ್ ಕೆಳಗೆ ವೈರನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಹೋದೆ. ಒಂದು ಕ್ಲಿಪ್ ಹತ್ತಿರ ಕೈ ಹೋದಾಗ ಒಳಗಿಂದ ಕೂಗಿದಳು, "ಅಪ್ಪಾ, 24 ಬಂತು! ಅಯ್ಯೋ, ಮತ್ತೆ ಮೈನಸ್ 40." ಟೇಪ್ ಬಿಚ್ಚಿ ನೋಡಿದರೆ ಮೇಲಿನ ಪ್ಲಾಸ್ಟಿಕ್ ಚೆನ್ನಾಗೇ ಇದೆ, ಒಳಗೆ ತಾಮ್ರ ಮುರಿದು ಹಸಿರು ಕಿಲುಬು ಹಿಡಿದಿದೆ. ಕತ್ತರಿಸಿ, ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ವೈರಿಗೆ ಅಂಟುವ ಕೊಳವೆ) ಹಾಕಿದೆ. ಹಳೇ ಸೆನ್ಸರ್ ಈಗಲೂ ಕೆಲಸ ಮಾಡುತ್ತಿದೆ.

ಇನ್ನು ಸ್ಕ್ಯಾನರ್ ಬಗ್ಗೆ. ಬ್ಯಾಟರಿ ಬೇಡ, ಡ್ಯಾಶ್‌ಬೋರ್ಡ್ ಕೆಳಗಿನ ಪೋರ್ಟ್‌ನಿಂದಲೇ ಕರೆಂಟ್ ತಗೊಳ್ಳುತ್ತದೆ. ಫ್ರೀಜ್ ಫ್ರೇಮ್ ತೋರಿಸುತ್ತದೆ, ಅಂದರೆ ಕೋಡ್ ಬಿದ್ದ ಕ್ಷಣದಲ್ಲಿ ಸ್ಪೀಡ್, ಆರ್‌ಪಿಎಂ, ಟೆಂಪರೇಚರ್ ಎಷ್ಟಿತ್ತು ಅನ್ನೋದು. ಕೋಡ್ ಅಳಿಸಿದರೆ ಇದೂ ಅಳಿಸಿ ಹೋಗುತ್ತದೆ, ಮೊದಲು ಬರೆದಿಟ್ಟುಕೊಳ್ಳಿ. ಬೇಸರ ತರಿಸಿದ್ದು ಸ್ಕ್ರೀನ್, ಬಿಸಿಲಲ್ಲಿ ಏನೂ ಕಾಣಲ್ಲ. ಕೇಬಲ್ ಗಿಡ್ಡ, ಹಾಗಾಗಿ ಬಾನೆಟ್ ಕೆಲಸಕ್ಕೆ ಇನ್ನೊಬ್ಬರು ಬೇಕೇ ಬೇಕು. ಒಂದೇ ಸಲ ಏಳೆಂಟು ಸಾಲು ಆರಿಸಿದರೆ ರೀಡಿಂಗ್ ತಡವಾಗುತ್ತದೆ, ನಾನು ಮೂರಕ್ಕಿಂತ ಜಾಸ್ತಿ ಇಡೋದಿಲ್ಲ. ಎಬಿಎಸ್ (ಬ್ರೇಕ್), ಏರ್‌ಬ್ಯಾಗ್ ಕೋಡ್ ಇದಕ್ಕೆ ಓದಲು ಬರಲ್ಲ. ಪಿ1ರಿಂದ ಶುರುವಾಗುವ ಕಂಪನಿ ಕೋಡ್‌ಗಳಿಗೆ ಬರೀ ನಂಬರ್ ತೋರಿಸಿ ಸುಮ್ನಾಗುತ್ತದೆ.

ಚೆಕ್ ಎಂಜಿನ್ ಲೈಟ್ ಸುಮ್ನೆ ಉರಿಯದೆ ಮಿಟುಕುತ್ತಿದ್ದರೆ ಸ್ಕ್ಯಾನರ್ ಆಮೇಲೆ, ಮೊದಲು ಗಾಡಿ ಬದಿಗೆ ನಿಲ್ಲಿಸಿ. ಅದು ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ; ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಮತ್ತೆ ಇದು ಪಿಕಪ್, ಕಾರುಗಳ 16 ಪಿನ್ ಪೋರ್ಟ್‌ಗೆ ಮಾತ್ರ. ದೊಡ್ಡ 24 ವೋಲ್ಟ್ ಲಾರಿ ಓಡಿಸುವವರು ಇದನ್ನು ತಗೋಬೇಡಿ. ಅಂಥ ಎಷ್ಟೋ ಲಾರಿಗಳಲ್ಲಿ 9 ಪಿನ್ನಿನ ಗುಂಡು ಕನೆಕ್ಟರ್ ಇರುತ್ತದೆ, ಅದಕ್ಕೆ ಬೇರೆಯದೇ ಸ್ಕ್ಯಾನರ್ ಬೇಕು.