ಹೊಸ ಟ್ರೇಲರ್: ಡೀಲರ್ ಅಂಗಳದ್ದೋ, ಶೆಡ್‌ನಲ್ಲಿ ಮಾಡಿಸಿದ್ದೋ?

ಗೋವಿನಜೋಳದ ಸುಗ್ಗಿಗೆ ಮುಂಚೆ ಹಾವೇರಿ, ಗದಗ ಕಡೆ ಟ್ರೇಲರ್ ಕೊಳ್ಳುವವರಿಗೆ ಎರಡು ದಾರಿ. ಡೀಲರ್ ಅಂಗಳದಲ್ಲಿ ಬಣ್ಣ ಹಚ್ಚಿ ನಿಲ್ಲಿಸಿದ ಕಂಪನಿ ಮಾಲು ಒಂದು. ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಹೇಳಿ ಮಾಡಿಸಿದ್ದು ಇನ್ನೊಂದು. ಎರಡನ್ನೂ ಒಂದೇ 45 ಎಚ್‌ಪಿ ಟ್ರ್ಯಾಕ್ಟರ್‌ಗೆ ಕಟ್ಟಿ ಒಂದು ಮಳೆಗಾಲ, ಒಂದು ಸುಗ್ಗಿ ಓಡಿಸಿ ಮಾಡಿದ ಹೋಲಿಕೆ ಇದು. ಎರಡೂ ಎರಡು ಗಾಲಿಯ ಹೈಡ್ರಾಲಿಕ್ ಟ್ರೇಲರ್. ಡಬ್ಬಿ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ, ಟೈರ್ 9.00-16.

ಈ ಡಬ್ಬಿಗೆ ಗೋವಿನಜೋಳ ಅಂಚುಮಟ್ಟ ತುಂಬಿದರೆ ಸುಮಾರು ಎರಡೂವರೆ ಟನ್. ಅದೇ ಅಳತೆಗೆ ಮರಳು ತುಂಬಿದರೆ ಐದು ಟನ್ ದಾಟುತ್ತದೆ. ಕಾಳಿಗೆಂದು ಕೊಂಡ ಟ್ರೇಲರ್ ಮರಳು, ಕಲ್ಲಿನ ಕೆಲಸಕ್ಕೂ ಹೋಗುವುದು ಎಲ್ಲರಿಗೂ ಗೊತ್ತು. ಆದ್ದರಿಂದ ತಪಾಸಣೆಯನ್ನು ಮರಳಿನ ಲೆಕ್ಕದಲ್ಲೇ ಮಾಡಬೇಕು.

ಮೊದಲು ತಗಡು. ಶೆಡ್‌ನ ಚೀಟಿಯಲ್ಲಿ ತಳಕ್ಕೆ 4 ಎಂಎಂ ಎಂದಿತ್ತು; ವರ್ನಿಯರ್ ಹಿಡಿದಾಗ 3.15 ಬಂತು. ಕಂಪನಿಯದು ಬರೆದಷ್ಟೇ ಇತ್ತು. ಆದರೆ ತಳದ ಅಡ್ಡಪಟ್ಟಿಗಳ ಅಂತರ ನೋಡಿದರೆ ಲೆಕ್ಕ ತಿರುಗುತ್ತದೆ. ಶೆಡ್‌ನವರು 15 ಇಂಚಿಗೊಂದು ಪಟ್ಟಿ ಕೊಟ್ಟಿದ್ದರು, ಕಂಪನಿಯವರು 24 ಇಂಚಿಗೊಂದು. ಸೈಜುಗಲ್ಲು ಸುರಿದ ಮೇಲೆ ತಗ್ಗು ಬಿದ್ದದ್ದು ದಪ್ಪ ತಗಡಿನ ಕಂಪನಿ ಟ್ರೇಲರ್‌ನ ತಳದಲ್ಲೇ. ದಪ್ಪವನ್ನಷ್ಟೇ ಕೇಳಿ ಬರುವವರು ಇಲ್ಲಿ ಮೋಸ ಹೋಗುತ್ತಾರೆ. ಟೇಪ್ ಹಿಡಿದು ಕೆಳಗೆ ಬಗ್ಗಿ ಅಳೆಯಿರಿ. ಬಣ್ಣದ ಮೇಲೆ ದಪ್ಪ ಗೊತ್ತಾಗದಿದ್ದರೆ ಕಾಟಾಕ್ಕೆ ಹಾಕಿಸಿ: ತಳ ಮತ್ತು ನಾಲ್ಕೂ ಬದಿ ಸೇರಿ 124 ಚದರ ಅಡಿ, ಎಲ್ಲ ಕಡೆ 1 ಎಂಎಂ ಕಡಿಮೆಯಾದರೆ ಸುಮಾರು 90 ಕಿಲೋ ಕಡಿಮೆ ತೂಗುತ್ತದೆ.

ನೇರತನದಲ್ಲಿ ಕಂಪನಿ ಮಾಲು ಗೆದ್ದಿತು, ಅದರಲ್ಲಿ ಅನುಮಾನವಿಲ್ಲ. ಜಿಗ್‌ನಲ್ಲಿ (ಅಳತೆ ತಪ್ಪದಂತೆ ಹಿಡಿದಿಡುವ ಚೌಕಟ್ಟು) ಕೂರಿಸಿ ಬೆಸೆದದ್ದಕ್ಕೂ ನೆಲದ ಮೇಲೆ ಇಟ್ಟಿಗೆ ಕೊಟ್ಟು ಬೆಸೆದದ್ದಕ್ಕೂ ವ್ಯತ್ಯಾಸ ಇರುತ್ತದೆ. ಮುಂದಿನ ಕೊಂಡಿಯ ನಡುವಿನಿಂದ ಅಚ್ಚಿನ (ಆಕ್ಸಲ್) ಎಡ ತುದಿಗೆ, ಬಲ ತುದಿಗೆ ಟೇಪ್ ಎಳೆದಾಗ ಕಂಪನಿಯದರಲ್ಲಿ 3 ಎಂಎಂ ಹೆಚ್ಚುಕಡಿಮೆ, ಶೆಡ್‌ನದರಲ್ಲಿ 14 ಎಂಎಂ. ಇಷ್ಟು ವಾರೆಯಾದರೆ ಟ್ರೇಲರ್ ಓರೆಯಾಗಿ ಎಳೆದುಕೊಂಡು ಬರುತ್ತದೆ, ಟೈರ್ ಅಡ್ಡಕ್ಕೆ ಉಜ್ಜಿ ಸವೆಯುತ್ತದೆ. ಸುಗ್ಗಿ ಮುಗಿಯುವಷ್ಟರಲ್ಲಿ ಶೆಡ್‌ನದರ ಎಡ ಟೈರಿನ ಹೊರ ಅಂಚು ಬೋಳಾಗಿತ್ತು. ಡಬ್ಬಿಯ ಕರ್ಣಗಳನ್ನೂ ಅಳೆಯಿರಿ. ಈ ಅಳತೆಗೆ ಎರಡೂ 11 ಅಡಿ 8 ಇಂಚಿನ ಹತ್ತಿರ ಬರಬೇಕು, ಒಂದಕ್ಕೊಂದು ಸಮ ಇರಬೇಕು. ಅಚ್ಚು ಡಬ್ಬಿಯ ನಟ್ಟನಡುವಿಗಿಂತ ಹಿಂದೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಮುಂದೆ ಬಂದಿದ್ದರೆ ಏರಿನಲ್ಲಿ ಕೊಂಡಿ ಮೇಲೆತ್ತಿ, ಟ್ರ್ಯಾಕ್ಟರ್‌ನ ಹಿಂದಿನ ಗಾಲಿ ಹಿಡಿತ ಬಿಡುತ್ತದೆ. ಹಸಿ ಎರಿ ಹೊಲದಲ್ಲಿ ಇದು ಬೇಗ ಗೊತ್ತಾಗುತ್ತದೆ.

ಬೆಸುಗೆಯಲ್ಲಿ ನಮ್ಮ ಒಲವು ಶೆಡ್ ಕಡೆಗೆ, ಒಂದು ಷರತ್ತಿನ ಮೇಲೆ: ಬಣ್ಣ ಹಚ್ಚುವ ಮುಂಚೆ ನೋಡಬೇಕು. ಬಿರುಕು ಹುಟ್ಟುವುದು ಬಹುಪಾಲು ಕೊಂಡಿ ಮತ್ತು ಎಳೆಯುವ ಚಾನೆಲ್ ಕೂಡುವ ಕಡೆ. ಅಲ್ಲಿಗೆ ಡೀಸೆಲ್ ಹಚ್ಚಿ, ಒರೆಸಿ, ಒಣಗಿದ ಮೇಲೆ ಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಇಳಿದ ಡೀಸೆಲ್ ಕಪ್ಪು ಗೆರೆಯಾಗಿ ಮೇಲೆ ಬರುತ್ತದೆ. ಶೆಡ್‌ನದರಲ್ಲಿ ಗೆರೆ ಕಂಡಿತು; ಗ್ರೈಂಡರ್‌ನಿಂದ ಬುಡದವರೆಗೆ ಕೆತ್ತಿಸಿ, ಮತ್ತೆ ಬೆಸೆಸಿ, ಎರಡೂ ಬದಿಗೆ ತ್ರಿಕೋನ ಪಟ್ಟಿ ಹಾಕಿಸಿದೆವು. ಆಮೇಲೆ ಕದಲಲಿಲ್ಲ. ಕಂಪನಿಯದು ಬಣ್ಣದ ಅಡಿಯಲ್ಲಿ ಚಂದ ಕಂಡಿತ್ತು. ಮಳೆ ಶುರುವಾಗಿ ಎರಡು ತಿಂಗಳಿಗೆ ಬೆಸುಗೆಯ ಅಂಚಿನಿಂದ ತುಕ್ಕು ಇಳಿಯಿತು. ಕೆರೆದರೆ ಒಳಗೆ ಬರೀ ಪುಟ್ಟಿ; ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಇರಲೇ ಇಲ್ಲ. ಹೊಸ ಟ್ರೇಲರ್ ಕೊಂಡವರಿಗೆ ಹೀಗೆ ಮಾಡುವುದು ತಪ್ಪು.

ಗಾಲಿಯ ನಡುವೆ ಬೇರಿಂಗ್ ಕೂರುವ ಹಬ್ ಎರಡರಲ್ಲೂ ಕೆಟ್ಟದಾಗಿತ್ತು. ಜಾಕ್ ಕೊಟ್ಟು ಗಾಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ತಿರುಗಿಸಿ. ಖಾಲಿ ಟ್ರೇಲರನ್ನು 10 ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಕಾದರೆ ನಟ್ ಅತಿ ಬಿಗಿಯಾಗಿದೆ, ಇಲ್ಲವೇ ಗ್ರೀಸ್ ಇಲ್ಲ. ಕಂಪನಿಯದು ಬಿಗಿಯಾಗಿತ್ತು. ಶೆಡ್‌ನದರಲ್ಲಿ ಒಂದು ಬೇರಿಂಗ್ ಮೇಲೆ ನಂಬರೂ ಇಲ್ಲ, ತಯಾರಕರ ಗುರುತೂ ಇಲ್ಲ, ಬದಲಾಯಿಸಿದೆವು. ಕೂರಿಸುವ ಕ್ರಮ ಸುಲಭ: ಗಾಲಿ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಗಾಲಿ ಭಾರ ಅನಿಸಿದ ಕೂಡಲೇ ನಟ್‌ನ ಒಂದು ಕಂಡಿಯಷ್ಟು (ಪಿನ್ ಕೂರುವ ಸೀಳು) ಸಡಿಲಿಸಿ ಹೊಸ ಸ್ಪ್ಲಿಟ್ ಪಿನ್ ಹಾಕುವುದು.

ಡಬ್ಬಿ ಎತ್ತುವ ಹೈಡ್ರಾಲಿಕ್ ಜಾಕಿಗೆ ಒಂದೇ ಪರೀಕ್ಷೆ ಸಾಕು. ಲೋಡ್ ಸಮೇತ ಅರ್ಧ ಎತ್ತಿ, ಎಂಜಿನ್ ನಿಲ್ಲಿಸಿ, ಹತ್ತು ನಿಮಿಷದ ಮುಂಚೆ ಮತ್ತು ನಂತರ ಡಬ್ಬಿಯ ಎತ್ತರವನ್ನು ಪಕ್ಕದಲ್ಲಿ ದೂರ ನಿಂತು ಗಮನಿಸಿ. ಎತ್ತಿದ ಡಬ್ಬಿಯ ಕೆಳಗೆ ಊರುಗೋಲು ಕೊಡದೆ ಯಾರೂ ತಲೆ ಹಾಕಬಾರದು. ಶೆಡ್‌ನದು ಇಳಿಯಿತು, ಅದೇ ಟ್ರ್ಯಾಕ್ಟರ್‌ನಲ್ಲಿ ಕಂಪನಿಯದು ಇಳಿಯಲಿಲ್ಲ. ಹಾಗಾಗಿ ದೋಷ ಟ್ರ್ಯಾಕ್ಟರ್ ವಾಲ್ವ್‌ನದಲ್ಲ ಎಂದು ಖಚಿತವಾಯಿತು. ಬಿಚ್ಚಿದಾಗ ಗ್ರೈಂಡಿಂಗ್ ಪುಡಿ ಸೀಲನ್ನು ಕೊರೆದಿತ್ತು. ಪೈಪಿನ ಬಾಯಿಗೆ ಮುಚ್ಚಳ ಹಾಕದೆ ಕೆಲಸ ಮಾಡಿದ ಫಲ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸ್, ಹೈಡ್ರಾಲಿಕ್ ಎರಡಕ್ಕೂ ಒಂದೇ ಆಯಿಲ್; ಆ ಪುಡಿ ಅಲ್ಲಿಗೂ ಹೋಗುತ್ತದೆ.

ಟೈರಿನ ಪಕ್ಕದ ನಾಲ್ಕಂಕಿ ಓದಿ: 1224 ಎಂದರೆ 2024ರ 12ನೇ ವಾರದ್ದು.

ಕಾಗದಪತ್ರದಲ್ಲಿ ಮಾತ್ರ ರಾಜಿ ಬೇಡ. ಟ್ರೇಲರ್‌ಗೂ ಆರ್‌ಟಿಒದಲ್ಲಿ ಬೇರೆಯೇ ನೋಂದಣಿ. ಮಾರಾಟದ ಫಾರ್ಮ್ 21, ರಸ್ತೆ ಯೋಗ್ಯತೆಯ ಫಾರ್ಮ್ 22, ಕೊರೆದ ಚಾಸಿ ನಂಬರ್ ಮೂರೂ ಕೊಡಲಾಗದ ಶೆಡ್‌ನಲ್ಲಿ ಎಷ್ಟೇ ಗಟ್ಟಿ ಮಾಲಿದ್ದರೂ ಮುಂಗಡ ಕೊಡಬೇಡಿ. ಕೊಡುವ ಶೆಡ್ ಸಿಕ್ಕು, ಬಣ್ಣಕ್ಕೆ ಮುಂಚೆ ಹೋಗಿ ನಿಲ್ಲಲು ಬಿಡುವಿದ್ದರೆ ಅಲ್ಲೇ ಮಾಡಿಸಿ. ಬಿಡುವಿಲ್ಲದಿದ್ದರೆ ಕಂಪನಿಯದು ಕೊಂಡು, ತಳಕ್ಕೆ ನಡುನಡುವೆ ಒಂದೊಂದು ಅಡ್ಡಪಟ್ಟಿ ಸೇರಿಸಲು ಡೀಲರ್‌ಗೆ ಹೇಳಿ, ಅದಾದ ಮೇಲೆಯೇ ಬಾಕಿ ಕೊಡಿ.

ಯಾವುದನ್ನೇ ಕೊಂಡರೂ ಮೊದಲ 50 ಕಿಲೋಮೀಟರ್‌ಗೆ ಗಾಲಿ ನಟ್‌ಗಳನ್ನು ಮತ್ತೆ ಬಿಗಿ ಮಾಡಿ. ಡಿಸ್ಕ್ ಮತ್ತು ಹಬ್ ನಡುವಿನ ಹೊಸ ಬಣ್ಣ ಕುಸಿದು ನಟ್ ಸಡಿಲಾಗುತ್ತದೆ. ಎರಡೂ ಟ್ರೇಲರ್‌ಗಳಲ್ಲಿ ಪಾನಾ ಕಾಲು ಸುತ್ತು ತಿರುಗಿತು.