ಮೊದಲ ತಗಡು: ತಾಮ್ರವೋ, ಅಲ್ಯೂಮಿನಿಯಮ್ಮೋ?

ತಗಡು ಬಡಿದು ಬಟ್ಟಲು ಮಾಡುವ ಹವ್ಯಾಸ ಶುರು ಮಾಡುವವರಿಗೆ ಮೊದಲ ಗೊಂದಲ ಇದೇ ಅಲ್ವಾ? ಮರದ ಸುತ್ತಿಗೆ, ಮರಳು ತುಂಬಿದ ಚರ್ಮದ ಚೀಲ ಎರಡಕ್ಕೂ ಸಾಕು. ಸುಮಾರು 1 ಮಿ.ಮೀ. ದಪ್ಪದ ತಗಡು ಕೈಗೆ ಹಿತ.

ಬೆಲೆಯಲ್ಲಿ ಅಲ್ಯೂಮಿನಿಯಂ ಗೆಲ್ಲುತ್ತದೆ. ತೂಕವೂ ತಾಮ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಅಂಗಡಿಯಲ್ಲಿ 1100 ಅಥವಾ 3003 ದರ್ಜೆ ಎಂದೇ ಕೇಳಿ. 6061ರಂಥ ಗಟ್ಟಿ ದರ್ಜೆ ಬಡಿದರೆ ಬೇಗ ಬಿರುಕು ಬಿಡುತ್ತದೆ.

ನಿಜವಾದ ವ್ಯತ್ಯಾಸ ಬೆಂಕಿಯ ಮುಂದೆ ಗೊತ್ತಾಗುತ್ತದೆ. ಎರಡೂ ಲೋಹ ಬಡಿದಷ್ಟೂ ಬಿರುಸಾಗುತ್ತವೆ. ಮತ್ತೆ ಕಾಯಿಸಿ ಮೆತ್ತಗೆ ಮಾಡಲೇಬೇಕು. ತಾಮ್ರ ಮಂದ ಕೆಂಪಾಗಿ ತಾನೇ ಸೂಚನೆ ಕೊಡುತ್ತದೆ. ನೀರಿಗೆ ಹಾಕಿದರೆ ಮುಗಿಯಿತು, ಮೆತ್ತಗೇ ಇರುತ್ತದೆ. ಕರಗುವುದು 1085 ಡಿಗ್ರಿಗೆ, ಹಾಗಾಗಿ ತಪ್ಪಿಗೆ ಜಾಗ ಜಾಸ್ತಿ. ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ, ಅದೂ ಬಣ್ಣ ಬದಲಿಸದೆ. ನೋಡುತ್ತಿದ್ದಂತೆ ಕುಸಿದು ಬಿಡುತ್ತದೆ. ಅದಕ್ಕೇ ಮೇಲೆ ಬಟ್ಟೆ ಸೋಪು ಉಜ್ಜಿ ಕಾಯಿಸುತ್ತಾರೆ. ಸೋಪು ಕಂದು ಬಣ್ಣ ದಾಟಿ ಕಪ್ಪಾಗುತ್ತಿದ್ದಂತೆ ಬೆಂಕಿ ತೆಗೆಯಬೇಕು.

ಗ್ಯಾಲ್ವನೈಸ್ಡ್, ಅಂದರೆ ಸತು ಬಳಿದ ಕಬ್ಬಿಣದ ತಗಡನ್ನು ಮಾತ್ರ ಕಾಯಿಸಬೇಡಿ, ಹೊಗೆ ವಿಷ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ.

ನನ್ನ ಆಯ್ಕೆ ತಾಮ್ರ. ದುಡ್ಡು ಜಾಸ್ತಿ ಹೋಗುತ್ತದೆ, ನಿಜ. ಅಂಗೈ ಅಗಲದ ಒಂದೇ ತುಂಡು ತನ್ನಿ. ಅದನ್ನೇ ಐದಾರು ಸಲ ಕಾಯಿಸಿ ಬಡಿಯಬಹುದು. ಫ್ಯಾನ್ ಕವಚ, ಬೈಕಿನ ಭಾಗದಂಥ ದೊಡ್ಡ ಕೆಲಸವೇ ಬೇಕೆನ್ನುವವರು ಅಲ್ಯೂಮಿನಿಯಂ ಹಿಡಿಯಲಿ.