ಮಾಣಿಕ್ಯವೇಲು ಮ್ಯಾನ್ಶನ್: ಚಿತ್ರಗಳಿಗಿಂತ ಮೊದಲು ಮನೆಯನ್ನು ನೋಡಿ

ಬೆಂಗಳೂರಿನ ವಸಂತನಗರದ ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೋಗುವವರಲ್ಲಿ ಹೆಚ್ಚಿನವರು ರವಿವರ್ಮ, ಅಮೃತಾ ಶೇರ್ಗಿಲ್, ಜಾಮಿನಿ ರಾಯ್ ಮೊದಲಾದವರ ಹೆಸರು ಕೇಳಿ ಹೋಗುತ್ತಾರೆ. ಹಾಗೆ ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ತೂಗುಹಾಕುವ ಚಿತ್ರಗಳು ಕಾಲಕಾಲಕ್ಕೆ ಬದಲಾಗುತ್ತಿರುತ್ತವೆ, ಈ ಬಾರಿ ಕಂಡದ್ದು ಮುಂದಿನ ಬಾರಿ ಕಾಣುತ್ತದೆಂಬ ಖಾತ್ರಿಯಿಲ್ಲ. ಬದಲಾಗದೆ ಉಳಿಯುವ ವಸ್ತುವೆಂದರೆ ಆ ಚಿತ್ರಗಳಿಗೆ ಆಶ್ರಯ ಕೊಟ್ಟಿರುವ ಎರಡಂತಸ್ತಿನ ಹಳೆಯ ಬಂಗಲೆ, ಅಂದರೆ ಮಾಣಿಕ್ಯವೇಲು ಮ್ಯಾನ್ಶನ್. ಈ ಬರಹ ಮುಖ್ಯವಾಗಿ ಆ ಮನೆಯನ್ನು ಕುರಿತದ್ದು, ಏಕೆಂದರೆ ನನ್ನ ಮಟ್ಟಿಗೆ ಆ ಆವರಣದ ಅತ್ಯುತ್ತಮ ಕೃತಿ ಅದೇ.

ಮನೆ ಮೊದಲು ಮೈಸೂರು ಅರಸುಮನೆತನದ ಸೊತ್ತಾಗಿತ್ತೆಂದೂ ಅವರಿಂದ ಮಾಣಿಕ್ಯವೇಲು ಮುದಲಿಯಾರರು ಕೊಂಡರೆಂದೂ ಹೇಳುವುದು ರೂಢಿ. ಮುದಲಿಯಾರರು ಹುಟ್ಟಿನಿಂದ ಸಿರಿವಂತರಲ್ಲ. ಬಡ ಕುಟುಂಬದಿಂದ ಬಂದು, ಮೈಸೂರು ಸಂಸ್ಥಾನದಲ್ಲಿ ಮ್ಯಾಂಗನೀಸ್ ಮತ್ತು ಕ್ರೋಮ್ ಗಣಿಗಳನ್ನು ಗುತ್ತಿಗೆಗೆ ಹಿಡಿದು, ಅದರಿಂದ ಹಣ ಮಾಡಿದವರು. ಈ ಎರಡು ಅದಿರುಗಳೂ ಉಕ್ಕಿನ ಬೆನ್ನು ಹಿಡಿದು ನಡೆಯುವಂಥವು. ಉಕ್ಕನ್ನು ಗಟ್ಟಿಗೊಳಿಸಲು ಮ್ಯಾಂಗನೀಸ್ ಬೇಕು, ಅದಕ್ಕೆ ತುಕ್ಕು ಹಿಡಿಯದಂತೆ ಮಾಡಲು ಕ್ರೋಮ್ ಬೇಕು. ಹೊರದೇಶಗಳಲ್ಲಿ ಉಕ್ಕಿಗೆ ಬೇಡಿಕೆ ಏರಿದಾಗ ಇಲ್ಲಿನ ಗುತ್ತಿಗೆದಾರನ ಪೆಟ್ಟಿಗೆ ತುಂಬುತ್ತಿತ್ತು, ಇಳಿದಾಗ ಬರಿದಾಗುತ್ತಿತ್ತು. ದಂಡಿನ ಬೆಂಗಳೂರಿನಲ್ಲಿ ಹೀಗೆ ಬರಿಗೈಯಲ್ಲಿ ಬಂದು ಮೇಲೆದ್ದವರು ಮುದಲಿಯಾರರಿಗಿಂತ ಮೊದಲೂ ಇದ್ದರು. ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರ ಕಥೆಯೂ ಬಡತನದಿಂದಲೇ ಶುರುವಾಗುತ್ತದೆ. ಅರಸರ ಕಡೆಯವರು ಬಿಟ್ಟುಕೊಟ್ಟ ಬಂಗಲೆಯನ್ನು ಗಣಿಯ ಗುತ್ತಿಗೆದಾರನೊಬ್ಬ ಕೊಳ್ಳುವುದು ಆ ಕಾಲದ ಬೆಂಗಳೂರಿನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಹಣವಷ್ಟೇ ಅಲ್ಲ, ಊರಿನಲ್ಲಿ ಯಾರ ಮಾತಿಗೆ ಬೆಲೆಯೆಂಬುದೂ ಕೈ ಬದಲಾಯಿಸುತ್ತಿತ್ತು.

ಮುದಲಿಯಾರರ ಅದೃಷ್ಟ ಕೊನೆಯವರೆಗೆ ನಿಲ್ಲಲಿಲ್ಲ. ವ್ಯವಹಾರ ಕುಸಿದು, ಸಾಲ ತೀರದೆ, ಮನೆ ಹರಾಜಿಗೆ ಬಂತು. ಅಲ್ಲಿಂದ ಅದು ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನ, ಅಂದರೆ ಇಂದಿನ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಪೂರ್ವಜ ಸಂಸ್ಥೆಯ ಕೈಗೆ ಹೋಯಿತು; 1960ರ ದಶಕದಲ್ಲಿ ಗೃಹಮಂಡಳಿಗೆ ವರ್ಗವಾಯಿತು. ಕಥೆಯ ಈ ಘಟ್ಟವನ್ನು ಎಲ್ಲರೂ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ನನಗಾದರೋ ಅತ್ಯಂತ ಸ್ವಾರಸ್ಯಕರವಾಗಿ ಕಾಣುವುದು ಇದೇ. ಬೆಂಗಳೂರಿನ ಹಳೆಯ ಬಂಗಲೆಗಳು ಹೇಗೆ ಅಳಿದವೆಂಬುದು ನಮಗೆಲ್ಲ ತಿಳಿದ ವಿಷಯ. ಮನೆಯ ಹಿರಿಯರು ತೀರಿಕೊಳ್ಳುತ್ತಾರೆ, ಮಕ್ಕಳು ಪಾಲಿಗೆ ಕೂರುತ್ತಾರೆ, ಪಾಲು ಮಾಡಲಾಗದ ಮನೆಯನ್ನು ಕೆಡವಿ ಜಾಗವನ್ನು ಮಾರುತ್ತಾರೆ, ಎರಡು ವರ್ಷದಲ್ಲಿ ಅಲ್ಲೊಂದು ಅಪಾರ್ಟ್‌ಮೆಂಟ್ ಏಳುತ್ತದೆ. ಮಾಣಿಕ್ಯವೇಲು ಅವರ ಮನೆ ಅವರ ಕೈಯಲ್ಲಿಯೇ ಉಳಿದಿದ್ದರೆ ಅದಕ್ಕೂ ಇದೇ ಗತಿ ಬರುತ್ತಿತ್ತೆಂದು ನಾನು ನಂಬಿದ್ದೇನೆ. ಒಡೆಯನನ್ನು ಮುಳುಗಿಸಿದ ಸಾಲವೇ ಮನೆಯನ್ನು ಉಳಿಸಿತು. ಇನ್ನೂ ವಿಚಿತ್ರವೆಂದರೆ, ಹರಾಜಿನ ನಂತರ ಅದನ್ನು ಪಡೆದ ಎರಡೂ ಸಂಸ್ಥೆಗಳ ಕಸುಬೇ ಜಾಗವನ್ನು ಸೈಟುಗಳಾಗಿ ವಿಂಗಡಿಸಿ ಬಡಾವಣೆ ಮಾಡುವುದು, ಮನೆ ಕಟ್ಟಿ ಹಂಚುವುದು. ಊರಿನ ನಡುವೆ, ಮೂರೂವರೆ ಎಕರೆ ಮರಗಳ ನೆಲವನ್ನು ಕೈಯಲ್ಲಿಟ್ಟುಕೊಂಡೂ ಅವು ಅದನ್ನು ತುಂಡು ಮಾಡಲಿಲ್ಲ. ಹೆಸರನ್ನೂ ಬದಲಿಸಲಿಲ್ಲ, ಮನೆಯನ್ನು ಕಳೆದುಕೊಂಡವನ ಹೆಸರನ್ನೇ ಮನೆ ಇಂದಿಗೂ ಹೊತ್ತಿದೆ.

ಆಮೇಲೆ ವಿಶ್ವಸಂಸ್ಥೆಗೆ ಸೇರಿದ ತಂತ್ರಜ್ಞಾನ ವರ್ಗಾವಣೆಯ ಕೇಂದ್ರವೊಂದು ಇಲ್ಲಿ ಕಚೇರಿ ನಡೆಸಿತು. ಅದು ಬೇರೆಡೆಗೆ ಹೋದ ಮೇಲೆ ಮನೆ ಕೆಲಕಾಲ ಉಪಯೋಗವಿಲ್ಲದೆ ನಿಂತಿತ್ತು. 2000ದಲ್ಲಿ ಕೇಂದ್ರದ ಸಂಸ್ಕೃತಿ ಸಚಿವಾಲಯವು ಕಲಾ ಸಂಗ್ರಹಾಲಯಕ್ಕಾಗಿ ಇದನ್ನು ಗುತ್ತಿಗೆಗೆ ಪಡೆಯಿತು. ಜೀರ್ಣೋದ್ಧಾರದ ಹೊಣೆ ಬೆಂಗಳೂರಿನ ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರದಾಯಿತು. 2009ರ ಫೆಬ್ರವರಿ 18ರಂದು ಸಂಗ್ರಹಾಲಯ ಸಾರ್ವಜನಿಕರಿಗೆ ತೆರೆದುಕೊಂಡಿತು. ಗಣಿಯ ಹಣದಲ್ಲಿ ಕೊಂಡ ಮನೆಯನ್ನು ಗುತ್ತಿಗೆಯ ಮೇಲೆ ಸರ್ಕಾರ ಪಡೆದದ್ದನ್ನು ಕಂಡಿದ್ದರೆ ಮುದಲಿಯಾರರು ನಗುತ್ತಿದ್ದರೇನೋ, ಗುತ್ತಿಗೆಯ ಒಳಹೊರಗನ್ನು ಅವರಷ್ಟು ಬಲ್ಲವರು ಯಾರು!

ಈಗ ಒಳಗಿನ ಮಾತು. ಮನೆಯೊಂದನ್ನು ಚಿತ್ರಶಾಲೆ ಮಾಡುವುದು ಸುಲಭವಲ್ಲ. ಮನೆಯ ಕೋಣೆಗಳು ಇಬ್ಬರು ಮೂವರು ಕೂತು ಮಾತಾಡುವ ಅಳತೆಯವು. ದೊಡ್ಡ ಕ್ಯಾನ್ವಾಸನ್ನು ಪೂರ್ತಿ ಕಾಣಲು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೆನ್ನಿಗೆ ಎದುರುಗೋಡೆ ತಾಗುತ್ತದೆ. ಆದರೆ ಅದೇ ಕೋಣೆಯಲ್ಲಿ ಬಂಗಾಳ ಪಂಥದ ಒಂದು ಸಣ್ಣ ಜಲವರ್ಣವನ್ನು ತೂಗುಹಾಕಿದಾಗ ಎಲ್ಲವೂ ಸರಿಹೊಂದಿಬಿಡುತ್ತದೆ. ಕಾಗದದ ಮೇಲಿನ ಬಣ್ಣ ಹೆಚ್ಚು ಬೆಳಕನ್ನು ತಾಳಲಾರದು; ಅಂಥ ಕೃತಿಗಳಿಗೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆಯ ಮಾನ) ಹೆಚ್ಚಿನ ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳ ಸಾಮಾನ್ಯ ನಿಯಮ. ಆ ಮಂದ ಬೆಳಕಿನಲ್ಲಿ, ದಪ್ಪ ಗೋಡೆಯ ಬಾಗಿಲನ್ನು ದಾಟಿ ಒಳಗೆ ಬಂದು, ಮೊಳದಷ್ಟು ದೂರದಲ್ಲಿ ನಿಂತು ನೋಡಿದಾಗ ತೆಳುವಾಗಿ ಹರಡಿದ ನೀಲಿ ಬಣ್ಣದ ಅಂಚು ಎಲ್ಲಿ ನಿಂತಿತು, ಕುಂಚ ಎಲ್ಲಿ ಒಣಗಿತು ಎಂಬುದೆಲ್ಲ ಕಾಣುತ್ತದೆ. ದೊಡ್ಡ ಹಜಾರದಲ್ಲಿ ಈ ಆಪ್ತತೆ ಸಿಗುವುದಿಲ್ಲ. ಬಂಗಾಳ ಪಂಥದ ಗುರು ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ನಮ್ಮ ಕೆ. ವೆಂಕಟಪ್ಪನವರ ಜಲವರ್ಣಗಳನ್ನು ಕಸ್ತೂರಬಾ ರಸ್ತೆಯ ಅವರ ಹೆಸರಿನ ಗ್ಯಾಲರಿಯ ನೆಲೆಯವೆಂದೇ ತಿಳಿದವರು, ಅವರ ಗುರುಪರಂಪರೆಯ ಕೃತಿಗಳು ಇಲ್ಲಿ ಪ್ರದರ್ಶನಕ್ಕಿದ್ದಾಗ ತಪ್ಪದೆ ಬಂದು ನೋಡಬೇಕು.

ದೊಡ್ಡ ಕೃತಿಗಳಿಗೆ ಹೊಸ ಕಟ್ಟಡವಿದೆ. ಹಳೆಯ ಮನೆಯ ನಕಲು ಮಾಡಲು ಹೋಗದೆ, ಅದರ ಎತ್ತರವನ್ನು ಮೀರಿ ಮೆರೆಯಲೂ ಹೋಗದೆ, ಮರಗಳ ನಡುವೆ ಹಿಂದೆ ಸರಿದು ನಿಂತಿರುವುದು ಅದರ ಗುಣ. ಹಳೆಯ ಕಟ್ಟಡಕ್ಕೆ ಹೊಸದನ್ನು ಸೇರಿಸುವಾಗ ನಮ್ಮಲ್ಲಿ ಸಾಮಾನ್ಯವಾಗಿ ಹುಸಿ ಕಮಾನು, ಹುಸಿ ಕಂಬಗಳನ್ನು ಅಂಟಿಸುವ ಚಾಳಿಯಿದೆ. ಇಲ್ಲಿ ಯಾವುದು ಮನೆ, ಯಾವುದು ಈಚಿನದು ಎಂಬುದರಲ್ಲಿ ಗೊಂದಲವೇ ಇಲ್ಲ. ನೀರಿನ ಕೊಳ ಚೆನ್ನಾಗಿದೆ. ಗ್ರಂಥಾಲಯ, ಸಭಾಂಗಣ, ಕೆಫೆಗಳೂ ಆವರಣದಲ್ಲಿಯೇ ಇವೆ.

ಹೋಲಿಕೆಗೆ ಹೇಳುವುದಾದರೆ, ಇದೇ ಸಂಸ್ಥೆಯ ಉಳಿದೆರಡು ಶಾಖೆಗಳೂ ಹಳೆಯ ಕಟ್ಟಡಗಳಲ್ಲಿಯೇ ಇವೆ. 1954ರಲ್ಲಿ ಆರಂಭವಾದ ದೆಹಲಿಯದು ಜೈಪುರದ ಮಹಾರಾಜರ ವಾಸಕ್ಕೆಂದು ಕಟ್ಟಿದ ಜೈಪುರ ಹೌಸ್‌ನಲ್ಲಿದೆ; 1996ರ ಮುಂಬಯಿಯದು ಕಾವಸ್‌ಜಿ ಜಹಾಂಗೀರ್ ಸಭಾಭವನದಲ್ಲಿದೆ. ದೆಹಲಿಯದು ಅರಮನೆಯ ಗತ್ತಿನದು, ಮುಂಬಯಿಯದು ಮೂಲದಲ್ಲಿ ಸಾರ್ವಜನಿಕ ಸಭೆ, ಸಂಗೀತ ಕಛೇರಿಗಳ ಜಾಗ. ಸಂಗ್ರಹದ ವಿಸ್ತಾರದಲ್ಲಿ ಬೆಂಗಳೂರು ದೆಹಲಿಯ ಹತ್ತಿರಕ್ಕೂ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಮೂರರಲ್ಲಿ, ಒಬ್ಬ ಸಾಮಾನ್ಯ ಮನುಷ್ಯ ದುಡಿದು ಕೊಂಡು, ಬಾಳಿ, ಕಳೆದುಕೊಂಡ ಮನೆ ಇದೊಂದೇ.

ನನ್ನ ಒಂದು ಸಲಹೆ: ಈ ಮನೆಯ ಕಥೆಗಾಗಿಯೇ ಕೆಳಗಿನ ಒಂದು ಕೋಣೆಯನ್ನು ಮೀಸಲಿಟ್ಟು, ಹಳೆಯ ನಕ್ಷೆ, ಕ್ರಯಪತ್ರ, ಗಣಿ ಗುತ್ತಿಗೆಯ ಕಾಗದ, ಜೀರ್ಣೋದ್ಧಾರಕ್ಕೆ ಮುಂಚಿನ ಫೋಟೊಗಳನ್ನು ಕನ್ನಡದ ವಿವರಣೆಯೊಂದಿಗೆ ಇಟ್ಟರೆ, ಶಾಲಾ ಮಕ್ಕಳಿಗೆ ಬೆಂಗಳೂರಿನ ನೂರು ವರ್ಷದ ಇತಿಹಾಸ ಒಂದೇ ಸೂರಿನಡಿ ಸಿಕ್ಕಂತಾಗುತ್ತದೆ.

ಹೋಗುವವರು ಸೋಮವಾರ ರಜೆಯೆಂಬುದನ್ನು ನೆನಪಿಡಬೇಕು. ಶುಲ್ಕ ಕಾಫಿಯ ಬೆಲೆಯಷ್ಟು. ಗೇಟು ದಾಟಿದೊಡನೆ ಒಳಗೆ ನುಗ್ಗದೆ, ಮೊದಲು ಹಳೆಯ ಮನೆಯ ಸುತ್ತ ಒಂದು ಸುತ್ತು ಬನ್ನಿ. ಆಮೇಲೆ ಅದರ ಕೋಣೆಗಳನ್ನು ನಿಧಾನವಾಗಿ ನೋಡಿ, ಹೊಸ ಕಟ್ಟಡವನ್ನು ಕೊನೆಗೆ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಚಿತ್ರಕಲಾ ಪರಿಷತ್ತನ್ನೂ ಸೇರಿಸಿ ಮುಗಿಸುವ ಯೋಚನೆಯಿದ್ದರೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಇಲ್ಲಿಗೆ ಬನ್ನಿ. ಮಧ್ಯಾಹ್ನದ ನಂತರ ಅರಮನೆ ರಸ್ತೆಯ ವಾಹನದಟ್ಟಣೆಯಲ್ಲಿ ಆಟೊ ಹಿಡಿಯುವುದೇ ಕಷ್ಟ.